ಸಜ್ಜೆ ಕೊಯ್ದ ಮೇಲೆ

“ಇಷ್ಟ ಮಂದಿ ಉಳದ ಮ್ಯಾಲ ಇದನ್ನ ಸಭಿ ಅಂತ ಹೆಂಗ ಅನ್ನೂದು, ಅಯ್ಯನವರೇ? ಬಾಗಲಾ ಮುಚ್ಚಿಬಿಡೂದ ಬರೋಬರಿ ಅಲ್ಲೇನು?”

ಸಭಾಪಾಲಕರಾದ ಎಲೀಷ ಕಡೇಮನಿಯವರು ತಮ್ಮ ಬಿಷಪ್ಪರನ್ನು ಹೀಗೆ ಕೇಳಿದಾಗ ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ಬಿಷಪ್ಪರು ಉಡುಪು ಬದಲಿಸುವ ವೆಸ್ಟ್ರಿ ಕೋಣೆಯಲ್ಲಿ ನಿಲುವಂಗಿ ಕಳಚಿ ಮಡಿಸುತ್ತಿದ್ದರು. ವರ್ಷಕ್ಕೊಮ್ಮೆ ಅವರು ಈ ಸಭೆಗೆ ಬಂದು, ಪ್ರಭುಭೋಜನದ ಸಂಸ್ಕಾರ ನಡೆಸಿ, ಎಲ್ಲರ ಮನೆಯ ಸುಖದುಃಖ ವಿಚಾರಿಸಿ ಹೋಗುವ ರೂಢಿ. ಈ ಸಲ ವಿಚಾರಿಸುವ ಕೆಲಸ ಬೇಗ ಮುಗಿದಿತ್ತು.

ಅದು ಹಳೆಯ ಆಂಗ್ಲಿಕನ್ ಚರ್ಚು. ನೂಲಿನ ಗಿರಣಿಯ ಕೆಲಸಗಾರರಿಗಾಗಿ ಮಿಷನ್ನಿನವರು ಕಟ್ಟಿಸಿದ್ದು. ಗಿರಣಿ ನಡೆಯುವವರೆಗೆ ಭಾನುವಾರ ಕೂಡಲು ಜಾಗವಿರುತ್ತಿರಲಿಲ್ಲ. ಗಿರಣಿ ನಿಂತಿತು. ಒಂದೊಂದೇ ಸಂಸಾರ ಗಂಟುಮೂಟೆ ಕಟ್ಟಿತು. ಹಾರ್ಮೋನಿಯಂ ಬಾರಿಸುವವನು ಹೋದ, ಹಾಡುವ ಹುಡುಗಿಯರು ಹೋದರು, ಹೊಟ್ಟೆ ಹಸಿದರೂ ಬಿಡದಂತೆ ಉದ್ದುದ್ದ ಪ್ರಾರ್ಥನೆ ಮಾಡುತ್ತಿದ್ದ ಹಿರಿಯರು ಹೋದರು. ಸಮಿತಿಯ ಸಭೆಯಲ್ಲಿ ಪ್ರತಿ ಮಾತಿಗೂ ಜಗಳ ತೆಗೆಯುತ್ತಿದ್ದವರು ಕೂಡ ಹೋದರು. ಅಂಥವರಿಲ್ಲದ್ದಕ್ಕೂ ತಮಗೆ ಬೇಸರವಾಗುತ್ತದೆಂದು ಎಲೀಷ ಅಯ್ಯನವರು ಕನಸಿನಲ್ಲೂ ಎಣಿಸಿರಲಿಲ್ಲ.

ಅವರ ಪ್ರಶ್ನೆಯಲ್ಲಿ ಪ್ರಶ್ನೆ ಕಡಿಮೆ ಇತ್ತು. ಒಪ್ಪಿಗೆ ಬೇಕಾದವರು ಕೇಳುವ ರೀತಿಯೇ ಬೇರೆ. ಉಳಿದವರನ್ನು ಪಟ್ಟಣದ ದೊಡ್ಡ ಸಭೆಗೆ ಸೇರಿಸಬೇಕು, ತಮ್ಮನ್ನು ಬೇರೆ ಕಡೆಗೆ ಕಳಿಸಬೇಕು ಎಂದು ಅವರು ಆಗಲೇ ನಿಶ್ಚಯಿಸಿದ್ದರು. ಬಿಷಪ್ಪರು ಹೂಂ ಅಂದರೆ ಸಾಕು, ಬರುವ ತಿಂಗಳು ಬಾಗಿಲಿಗೆ ಬೀಗ ಬೀಳುತ್ತಿತ್ತು. ಉಳಿದವರಲ್ಲಿ ಅರ್ಧಕ್ಕರ್ಧ ಜನ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುವವರಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೇಳಿದರು. ಅಷ್ಟು ದಣಿದಿದ್ದರು, ಅಷ್ಟು ನಾಚಿದ್ದರು. ಆ ಬೆಳಿಗ್ಗೆಯಂತೂ ಬಿಷಪ್ಪರ ಎದುರಿಗೇ ಮೊದಲ ಕೀರ್ತನೆಯನ್ನು ಅವರೊಬ್ಬರೇ ಎತ್ತಿಕೊಂಡು, ಹೆಚ್ಚುಕಡಿಮೆ ಅವರೊಬ್ಬರೇ ಮುಗಿಸಬೇಕಾಗಿ ಬಂದಿತ್ತು.

ಉಳಿದವರು ಯಾರು ಯಾರು ಎಂದು ಬಿಷಪ್ಪರು ಕೇಳಿದರು. ಎಲೀಷ ಅಯ್ಯನವರು ಹೇಳಿದರು: ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಅಕ್ಕತಂಗಿಯರು, ಗಿರಣಿಯ ಹಳೆಯ ಕಾವಲುಗಾರ, ಬಳೆ ಮಾರುವ ವಿಧವೆ, ಕಿವಿ ಸ್ವಲ್ಪ ಮಂದವಾದ ಹೊಲಿಗೆಯವನು ಮತ್ತು ಅವನ ಹೆಂಡತಿ, ಇಂಥವರೇ ಇನ್ನು ನಾಲ್ಕು ಮನೆ. ಎಲ್ಲರೂ ಹಿಂದಿನ ಬೆಂಚಿನವರು. ಸಭೆ ತುಂಬಿದ್ದ ಕಾಲದಲ್ಲಿ ಇವರ ದನಿಯನ್ನು ಯಾರೂ ಕೇಳಿದವರಿಲ್ಲ. ಹಾಡುವವರು ಹೋದರು, ಕೇಳುವವರು ಉಳಿದರು ಎಂದು ಎಲೀಷ ಅಯ್ಯನವರು ಸ್ವಲ್ಪ ಕಹಿಯಾಗಿಯೇ ಮಾತು ಮುಗಿಸಿದರು.

ಬಿಷಪ್ಪರು ಮಡಿಸಿದ ನಿಲುವಂಗಿಯನ್ನು ಪಕ್ಕಕ್ಕಿಟ್ಟು ಕುಳಿತರು. ಅವರಿಗೆ ಅವಸರವಿರಲಿಲ್ಲ, ಚಿಂತೆಯೂ ಇದ್ದಂತೆ ಕಾಣಲಿಲ್ಲ. ಅವರು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಕಾಲುವೆ ನೀರಿನ ಸೀಮೆಯವನು. ಹುಟ್ಟಿದಾಗಿನಿಂದ ಭತ್ತವೊಂದನ್ನೇ ಕಂಡವನು. ಅವನ ಸೀಮೆಯಲ್ಲಿ ಗದ್ದೆ ಕೊಯ್ದರೆ ಮುಗಿಯಿತು. ಉಳಿದ ಕೂಳೆ ದನಗಳ ಪಾಲು. ಅವನ ಅಪ್ಪ ಹಾಗೆ ಮಾಡಿದ್ದ, ಅಜ್ಜನೂ ಹಾಗೆಯೇ ಮಾಡಿದ್ದ, ಅದರಲ್ಲಿ ತಪ್ಪೇನೂ ಇರಲಿಲ್ಲ.

ಈ ರೈತ ಮಳೆಯನ್ನೇ ನಂಬಿದ ಸೀಮೆಯಲ್ಲಿ ಒಂದು ಹೊಲ ಕೊಂಡ. ಮಾರಿದವನು ಬಿತ್ತನೆ ಮುಗಿಸಿ, ನಿಂತ ಬೆಳೆಯ ಸಮೇತ ಹೊಲ ಬಿಟ್ಟುಕೊಟ್ಟು ದೂರದ ಊರಿಗೆ ಹೋಗಿದ್ದ. ಹೊಲದ ತುಂಬ ಸಜ್ಜೆ. ಮಳೆ ಚೆನ್ನಾಗಿ ಆಯಿತು. ಸಜ್ಜೆ ಆಳೆತ್ತರ ಬೆಳೆದು ತೆನೆ ತೂಗಿತು. ರೈತನಿಗೆ ಹಿಗ್ಗೋ ಹಿಗ್ಗು. ದಾರಿಯಲ್ಲಿ ಹೋಗುವವರನ್ನು ಕರೆಕರೆದು ತೋರಿಸಿದ. ತಾನು ಬಿತ್ತಿದ ಬೆಳೆಯಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಸುಗ್ಗಿ ಬಂತು. ಸಜ್ಜೆ ಕೊಯ್ದರು, ದಂಟು ಕಡಿದು ಬಣವೆ ಒಟ್ಟಿದರು. ಮರುದಿನ ರೈತ ಹೊಲಕ್ಕೆ ಬಂದು ನೋಡಿದರೆ ಎಲ್ಲ ಬಯಲು. ನಿನ್ನೆಯವರೆಗೆ ಆಳು ಕಾಣದಷ್ಟು ತುಂಬಿದ್ದ ಹೊಲದಲ್ಲಿ ಈಗ ಈ ತುದಿಯಿಂದ ಆ ತುದಿಯವರೆಗೂ ಗಾಳಿ ಬೀಸುತ್ತಿತ್ತು. ಅವನ ಜೀವ ಕಳವಳಿಸಿತು. ನಡುನಡುವೆ, ಅಲ್ಲೊಂದು ಸಾಲು ಇಲ್ಲೊಂದು ಸಾಲು, ಮೊಣಕಾಲೆತ್ತರದ ಬಡಕಲು ಗಿಡಗಳು ನಿಂತಿದ್ದವು. ಅಷ್ಟು ದಿನ ಸಜ್ಜೆಯ ಸಂದಿಯಲ್ಲಿ ಅವು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಕುಡುಗೋಲಿಗೆ ಸಿಗದೆ ಉಳಿದ ಕಸವೆಂದು ಬಗೆದ. ಮನೆಗೆ ಹೋಗಿ ದನ ಬಿಚ್ಚಿಕೊಂಡು ಬಂದ.

ಬದುವಿನ ಆಚೆ ಇನ್ನೊಬ್ಬ ರೈತನ ಮುದಿತಾಯಿ ಕಳೆ ತೆಗೆಯುತ್ತಿದ್ದಳು. ದನಗಳನ್ನು ಕಂಡು ಎದ್ದು ನಿಂತಳು.

“ಎಪ್ಪಾ, ದನಾ ನಿಂದರಸು. ಅದು ತೊಗರಿ.”

ಇದೆಂಥ ಬೆಳೆ ಎಂದು ರೈತ ನಕ್ಕ. ಸಜ್ಜೆಯ ಜೊತೆಗೇ ಹುಟ್ಟಿದ್ದರೆ ಸಜ್ಜೆಯಷ್ಟೇ ಎತ್ತರ ಇರಬೇಕಿತ್ತಲ್ಲ, ಇಷ್ಟು ಮಳೆ ಕುಡಿದೂ ಮೊಣಕಾಲು ದಾಟದ್ದು ಇನ್ನು ಯಾವಾಗ ಬೆಳೆಯುತ್ತದೆ ಎಂದು ಕೇಳಿದ.

“ಎರಡೂ ಒಂದ ದಿನ ಬಿತ್ತಿದ್ದು,” ಎಂದಳು ಮುದುಕಿ. “ಸಜ್ಜಿ ಮ್ಯಾಲ ಬೆಳೀತು, ಇದು ಕೆಳಗ ಬೇರು ಬಿಟ್ಟೈತಿ. ಸಜ್ಜಿ ಪಾಳಿ ಮುಗೀತು. ಇದರದು ಈಗ ಬಂತು.”

ರೈತನಿಗೆ ನಂಬಿಕೆ ಬರಲಿಲ್ಲ. ಆದರೆ ಹೊಸ ಊರು. ಬಂದ ವರ್ಷವೇ ನೆರೆಯವರ ಮಾತು ಮೀರಿದವನೆಂಬ ಹೆಸರು ಅವನಿಗೆ ಬೇಕಿರಲಿಲ್ಲ. ದನಗಳು ಹಸಿರಿಗೆ ಮೂಗು ಚಾಚಿ ಎಳೆಯುತ್ತಿದ್ದವು. ಅವನು ಬಿಡಲಿಲ್ಲ. ಮನೆಗೆ ಹೊಡೆದುಕೊಂಡು ಹೋಗಿ ಒಣ ಸಜ್ಜೆ ದಂಟು ಹಾಕಿದ.

ಸುಮ್ಮನೆ ಕೂತರೆ ತೊಗರಿ ಆಗುವುದಿಲ್ಲವೆಂದೂ ಮುದುಕಿ ಹೇಳಿದ್ದಳು. ಸಾಲುಗಳ ನಡುವೆ ಈಗ ಜಾಗ ಬಿದ್ದಿತ್ತು. ರೈತ ಅಲ್ಲಿ ಎಡೆಕುಂಟೆ ಹೊಡೆದು ಕಳೆ ಕಿತ್ತು ಮಣ್ಣು ಸಡಿಲಿಸಿದ. ಕಾಲುವೆ ಸೀಮೆಯಿಂದ ಅವನ ಭಾವಮೈದುನ ಬಂದವನು ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆ ಮುಗಿದ ಮೇಲೆ ಚಪ್ಪರಕ್ಕೆ ಹಸಿರು ಕಟ್ಟುವವನನ್ನು ಕಂಡಿರಲಿಲ್ಲ, ಈಗ ಕಂಡೆ ಎಂದ. ರೈತನ ಮುಖ ಕೆಂಪಾಯಿತು. ಆದರೂ ಕುಂಟೆ ನಿಲ್ಲಿಸಲಿಲ್ಲ.

ತಲೆಯ ಮೇಲಿನ ನೆರಳು ಹೋದದ್ದೇ ತಡ, ತೊಗರಿ ಕೈ ಚಾಚಿತು. ಸಾಲಿನ ಕೊಂಬೆ ಸಾಲಿಗೆ ತಾಗಿತು. ಮಳೆ ನಿಂತು ನೆಲ ಬಿರುಕು ಬಿಟ್ಟರೂ ಗಿಡ ಬಾಡಲಿಲ್ಲ. ಅದರ ಬೇರು ಆಗಲೇ ಆಳದ ತೇವ ಮುಟ್ಟಿತ್ತು. ಚಳಿ ಬಿದ್ದಾಗ ಹೊಲವೆಲ್ಲ ಹಳದಿ ಹೂವು. ಸಂಕ್ರಾಂತಿ ಕಳೆದ ಮೇಲೆ ಕೊಯ್ದು ಬಡಿದು, ಬೇಳೆ ಒಡೆಸಿ ಮಡಕೆ ತುಂಬಿದರು. ಆ ವರ್ಷ ಆ ಮನೆಯಲ್ಲಿ ಸಜ್ಜೆಯ ರೊಟ್ಟಿಯೂ ಇತ್ತು, ಅದಕ್ಕೆ ಹಚ್ಚಿಕೊಳ್ಳಲು ಬೇಳೆಯೂ ಇತ್ತು.

ಬಿಷಪ್ಪರ ಕತೆ ಅಲ್ಲಿಗೆ ಮುಗಿಯಿತು. ಸಭೆ ಬಿಟ್ಟು ಹೋದವರ ಮೇಲೆ ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಅವರು ಹೋದ ಊರುಗಳಲ್ಲಿ ಅವರ ಹಾಡು ಕೇಳಿ ಬಂದಿದ್ದೇನೆ, ಚೆನ್ನಾಗಿ ಹಾಡುತ್ತಾರೆ ಎಂದಷ್ಟೇ ಅಂದರು.

ಎಲೀಷ ಅಯ್ಯನವರು ದಡ್ಡರಲ್ಲ. ಕತೆ ಎಲ್ಲಿಗೆ ಬಂದು ನಾಟಬೇಕೋ ಅಲ್ಲಿಗೇ ನಾಟಿತ್ತು. ಹಿಂದಿನ ಬೆಂಚಿನವರು ಇಷ್ಟು ವರ್ಷ ತಮ್ಮ ಬೋಧನೆ ಕೇಳುತ್ತ ಕೂತಿದ್ದಾರೆ, ಅವರ ಬಾಯಿಂದ ಒಂದು ಪ್ರಾರ್ಥನೆ ಹೇಳಿಸಿ ನೋಡೋಣ ಎಂದು ತಮಗೆ ಒಂದು ಸಲವೂ ತೋಚಲಿಲ್ಲ ಎಂಬುದು ಆಗಲೇ ಅವರನ್ನು ಚುಚ್ಚುತ್ತಿತ್ತು. ಆದರೆ ಓದಿದವರ ಮನಸ್ಸು ಒಪ್ಪುವ ಮುಂಚೆ ಒಂದು ಸಂದಿ ಹುಡುಕುತ್ತದೆ. ಬಾಗಿಲು ತೆರೆದಿಟ್ಟು ಇನ್ನೊಂದು ವರ್ಷ ಒಬ್ಬರೇ ಹಾಡುವುದೆಂದರೆ ಅವರಿಗೆ ನಿಜವಾಗಿಯೂ ಹೆದರಿಕೆಯಿತ್ತು. ಅದನ್ನು ಮುಚ್ಚಿಡದೆ ಕೇಳಿಬಿಟ್ಟರು.

“ದನಾ ಹಿಡದು ನಿಂತಾಗ ಆ ರೈತಗ ಒಂದಾದರೂ ಮೊಗ್ಗಿ ಕಂಡಿತ್ತೇನು, ಅಯ್ಯನವರೇ? ನನಗೂ ಒಂದು ಕಂಡಿದ್ದರ ನಂಬತಿದ್ದೆ.”

ಬಿಷಪ್ಪರು ಎದ್ದು ಅವರ ಹೆಗಲ ಮೇಲೆ ಕೈಯಿಟ್ಟರು.

“ಮೊಗ್ಗಿ ಬಂದ ಮ್ಯಾಲ ನಂಬಾಕ ದನಕ್ಕೂ ಬರತೈತಿ, ತಮ್ಮಾ.”