ಅಕ್ಕ ಮುಂದೆ ಜಾರಿದ್ದು

ಇಬ್ಬರು ಅಕ್ಕತಂಗಿಯರು ಭೂಮಿಯನ್ನು ಸುತ್ತುತ್ತಿದ್ದರು. ಇಬ್ಬರೂ ಉಪಗ್ರಹಗಳು. ಅಕ್ಕ ಮುಂದೆ, ತಂಗಿ ಹಿಂದೆ. ನಡುವಿನ ಅಂತರವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಕೆಳಗೆ ಭೂಮಿಯಲ್ಲಿರುವ ವಿಜ್ಞಾನಿಗಳಿಗೆ ತಿಳಿಸುವುದು ತಂಗಿಯ ಕೆಲಸ. ಯಾಕೆ ಅಳೆಯಬೇಕು ಎಂದು ಮಾತ್ರ ಅವಳು ಯಾವತ್ತೂ ಕೇಳಿರಲಿಲ್ಲ.

ಒಮ್ಮೆ ಅಕ್ಕ ಇದ್ದಕ್ಕಿದ್ದಂತೆ ತುಸು ಮುಂದಕ್ಕೆ ಜಾರಿದಳು. ತಂಗಿಗೆ ಮೈಯೆಲ್ಲ ಉರಿಯಿತು.

“ಜೊತೆಗೇ ಹೋಗೋಣ ಎಂದವಳು ನೀನೇ. ಈಗ ನನ್ನನ್ನು ಬಿಟ್ಟು ಓಡುತ್ತೀಯಾ?”

“ನಾನು ಓಡಲಿಲ್ಲ ಕಣೇ. ಮುಂದೆ ನೆಲದ ಮೇಲಿರುವ ಬೆಟ್ಟಸಾಲು ತನ್ನ ಭಾರದಿಂದ ನನ್ನನ್ನು ಎಳೆಯಿತು,” ಎಂದಳು ಅಕ್ಕ.

“ನೆಪ ಹೇಳಬೇಡ. ನನ್ನನ್ನು ಯಾವ ಬೆಟ್ಟವೂ ಎಳೆಯುತ್ತಿಲ್ಲವಲ್ಲ!” ಎಂದ ತಂಗಿ, ಅಕ್ಕನನ್ನು ಹಿಡಿಯಲು ಎಂಜಿನ್ ಹೊತ್ತಿಸಲು ಹೊರಟಳು.

“ಹೊತ್ತಿಸಿದರೆ ಅಳತೆಯೇ ಕೆಡುತ್ತದೆ. ನೀನೂ ಇಲ್ಲಿಗೇ ಬರುವವಳು, ಸ್ವಲ್ಪ ತಾಳು.”

ತಂಗಿ ಗೊಣಗುತ್ತಲೇ ತಾಳಿದಳು. ಅಷ್ಟರಲ್ಲಿ ಬೆಟ್ಟಸಾಲು ಅವಳಿಗೂ ಹತ್ತಿರವಾಯಿತು. ಎಂಜಿನ್ ಮುಟ್ಟದೆಯೇ ಅವಳೂ ಮುಂದಕ್ಕೆ ಜಾರಿದಳು. ಅಂತರ ತಾನಾಗಿಯೇ ಕಿರಿದಾಯಿತು.

ಈಗಲೂ ಅಕ್ಕ ಆಗಾಗ ಮುಂದಕ್ಕೆ ಜಾರುತ್ತಾಳೆ. ತಂಗಿ ಸಿಟ್ಟಾಗುವುದಿಲ್ಲ. “ಅಕ್ಕನನ್ನು ಏನೋ ಎಳೆಯುತ್ತಿದೆ, ಅಲ್ಲಿ ನೆಲದಲ್ಲಿ ಭಾರವಾದದ್ದು ಏನಿದೆ ನೋಡಿ,” ಎಂದು ಕೆಳಗಿನವರಿಗೆ ಹೇಳಿ ಕಳಿಸುತ್ತಾಳೆ.