ಗಡುವಿಗೆ ಮೊದಲೇ ಕೊಟ್ಟವನು

"ತಾಯೀ, ಒಂದು ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದ ಮೇಲೂ ನನ್ನ ಮನಸ್ಸು ಅದರ ಸುತ್ತಲೇ ಸುತ್ತುತ್ತದೆ. ಇದು ಜವಾಬ್ದಾರಿಯೋ, ರೋಗವೋ?" ಎಂದು ನಿರ್ವಾಣೆಪ್ಪ ಕೇಳಿದ.

ಅವನು ಮಠದ ಅಡುಗೆಮನೆಯ ಉಸ್ತುವಾರಿ; ಅಡುಗೆ ಮಾಡುವವಳು ಗೌರವ್ವ. ಮಾತಾಜಿ ಮರುವಾರ ದೂರದ ಪ್ರವಾಸಕ್ಕೆ ಹೊರಡುವವರಿದ್ದರು. ಅವರು ಬರುವ ತನಕ ಮಠದ ಬೀಗದಕೈ ಯಾರ ಬಳಿ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಜವಾಬ್ದಾರಿ ಎಂಬ ಉತ್ತರವನ್ನೇ ನಿರೀಕ್ಷಿಸಿ ಅವನು ಕೈಕಟ್ಟಿ ಕೂತಿದ್ದ.

ಆಗಷ್ಟೇ ಊಟ ಮುಗಿದಿತ್ತು. ಮಾತಾಜಿ ಎರಡನೆಯ ತಂಬಿಗೆ ನೀರನ್ನೂ ಖಾಲಿ ಮಾಡಿ ಕತೆ ತೆಗೆದರು.

ಒಬ್ಬ ಪಾತ್ರೆ ವರ್ತಕನಿದ್ದ. ಸಾಲ ಎಂದರೆ ಅವನಿಗೆ ಮೈಮೇಲೆ ಇರುವೆ ಬಿಟ್ಟಂತೆ. ಅಂಗಡಿಯ ಅನುಕೂಲಕ್ಕೆಂದು ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡ. ಅಂದಿನಿಂದ ನೆಮ್ಮದಿ ಹೋಯಿತು. ಗಡುವಿಗೆ ಹದಿನೈದು ದಿನ ಇರುವಾಗಲೇ ಬ್ಯಾಂಕಿಗೆ ಫೋನ್ ಮಾಡಿ, "ನನ್ನದೇನೂ ಬಾಕಿ ಇಲ್ಲ ತಾನೇ?" ಎಂದು ವಿಚಾರಿಸುತ್ತಿದ್ದ. ಹೆಂಡತಿಗೆ ನೋಡಿ ನೋಡಿ ಸಾಕಾಯಿತು. ಅವನನ್ನು ಬ್ಯಾಂಕಿಗೆ ಕರೆದೊಯ್ದು, ಗಡುವಿನ ದಿನ ಬಿಲ್ಲಿನ ಪೂರ್ತಿ ಹಣ ಖಾತೆಯಿಂದ ತಾನಾಗಿಯೇ ಹೋಗುವಂತೆ ಆಟೋ ಡೆಬಿಟ್ ಮಾಡಿಸಿದಳು.

"ಇನ್ನು ಮೇಲೆ ಕಾರ್ಡಿನ ಸುದ್ದಿಗೆ ಹೋಗಬೇಡಿ" ಎಂದಳು.

"ನಾನ್ಯಾಕೆ ಹೋಗಲಿ?" ಎಂದ ವರ್ತಕ.

ಆ ತಿಂಗಳು ಇಬ್ಬರೂ ಕಾಶಿಗೆ ಹೊರಡುವುದಿತ್ತು. ಮದುವೆಯಾದ ವರ್ಷ ಕೊಟ್ಟ ಮಾತು ಅದು. ಇಪ್ಪತ್ತಾರು ವರ್ಷ ಅವನು ಅಂಗಡಿ ಬಿಟ್ಟು ಅಲ್ಲಾಡಿರಲಿಲ್ಲ. ಖಾತೆಯಲ್ಲಿ ಎಂಬತ್ತು ಸಾವಿರವಿತ್ತು. ಅರ್ಧ ಕಾರ್ಡಿನ ಬಿಲ್ಲಿಗೆ, ಅರ್ಧ ಕಾಶಿಗೆ. ಬಿಲ್ಲಿನ ಗಡುವು ಗುರುವಾರ. ಯಾತ್ರೆಗೆ ಕರೆದೊಯ್ಯುವವನಿಗೆ ಶುಕ್ರವಾರ ಮಧ್ಯಾಹ್ನದೊಳಗೆ ಹಣ ಮುಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಬುಧವಾರ ವರ್ತಕನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಾಳೆ ಬ್ಯಾಂಕಿನ ಯಂತ್ರ ಕೈಕೊಟ್ಟರೆ? ಅದಕ್ಕೆ ನನ್ನ ಹೆಸರು ಮರೆತುಹೋದರೆ? ಹೆಂಡತಿ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದ ಹೊತ್ತು ನೋಡಿ, ಫೋನಿನಲ್ಲೇ ನಲವತ್ತು ಸಾವಿರ ಕಟ್ಟಿಬಿಟ್ಟ. ಅನ್ನ ಇಳಿಯಿತು. ಇನ್ನೊಂದು ಸಲ ಬಡಿಸಿಕೊಂಡ.

ಯಾರ ಖಾತೆಯಿಂದ ಎಷ್ಟು ತೆಗೆಯಬೇಕೆಂಬ ಬ್ಯಾಂಕಿನ ಪಟ್ಟಿ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಗುರುವಾರ ಯಂತ್ರ ತನಗೆ ಹೇಳಿದ್ದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಉಳಿದ ನಲವತ್ತೂ ಹೋಯಿತು.

ವರ್ತಕ ಬ್ಯಾಂಕಿಗೆ ಓಡಿದ. "ಏನಮ್ಮಾ, ಒಂದೇ ಬಿಲ್ಲಿಗೆ ಎರಡು ಸಲ ಕೀಳುತ್ತೀರಾ?" ಎಂದು ಅಲ್ಲಿದ್ದ ಗುಮಾಸ್ತೆಯನ್ನು ಕೇಳಿದ.

"ಒಂದು ಸಲ ನಾವು ತಗೊಂಡಿದ್ದು, ಇನ್ನೊಂದು ಸಲ ನೀವೇ ಕೊಟ್ಟಿದ್ದು ಯಜಮಾನ್ರೇ" ಎಂದಳು ಅವಳು. "ಹೆಚ್ಚಾದದ್ದು ನಿಮ್ಮ ಕಾರ್ಡಿನಲ್ಲೇ ಜಮೆ ಇದೆ. ವಾಪಸು ಬೇಕಾದರೆ ಅರ್ಜಿ ಕೊಡಿ, ಒಂದು ವಾರವಾಗುತ್ತದೆ."

ಮನೆಗೆ ಬಂದರೆ ಹೆಂಡತಿ ಪೆಟ್ಟಿಗೆಯೊಳಗೆ ಸೀರೆ ಜೋಡಿಸುತ್ತಿದ್ದಳು. ಅವನು ಎಲ್ಲ ಹೇಳಿಕೊಂಡ. ಅವಳು ಬೈಯಲಿಲ್ಲ. ಕಾರ್ಡನ್ನೂ ಗಂಡನನ್ನೂ ಎತ್ತಿಕೊಂಡು ಯಾತ್ರೆಯವನ ಕಚೇರಿಗೆ ಹೋದಳು. ಕಾರ್ಡು ಉಜ್ಜಿಸಿ ರಸೀದಿ ಪಡೆದಳು. ಹೆಚ್ಚಾಗಿ ಹೋಗಿದ್ದ ಅವರದೇ ಹಣ ಅಲ್ಲಿಗೆ ಸರಿಹೋಯಿತು. ಕೊಡಬೇಕಾದ್ದೂ ಇಲ್ಲ, ಬರಬೇಕಾದ್ದೂ ಇಲ್ಲ.

ಸೋಮವಾರ ರೈಲು ಹತ್ತಿದರು. ವರ್ತಕನಿಗೆ ಮತ್ತೆ ಇರುವೆ ಹರಿಯಲಾರಂಭಿಸಿತು. ಕಾರ್ಡು ಉಜ್ಜಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಉಜ್ಜಿದ ಮೇಲೆ ಸಾಲವಲ್ಲವೇ? ರೈಲು ಸೊಲ್ಲಾಪುರ ದಾಟುವುದರೊಳಗೆ ಗೆಳೆಯನೊಬ್ಬನಿಂದ ಫೋನಿನಲ್ಲೇ ನಲವತ್ತು ಸಾವಿರ ಕೈಸಾಲ ತರಿಸಿಕೊಂಡು ಕಾರ್ಡಿಗೆ ಕಟ್ಟಿದ. ಸಾಲಕ್ಕೆ ಹೆದರಿ, ಇಲ್ಲದ ಸಾಲ ತೀರಿಸಲು, ಹುಟ್ಟಿದಾರಭ್ಯ ಮಾಡದ ಸಾಲ ಮಾಡಿದ.

ಹೆಂಡತಿಗೆ ಇದು ಗೊತ್ತಾದದ್ದು ಕಾಶಿಯಲ್ಲಿ, ಗಂಗೆಯ ಮೆಟ್ಟಿಲ ಮೇಲೆ. ಕಾಶಿಗೆ ಹೋದವರು ಇಷ್ಟದ್ದು ಏನಾದರೂ ಒಂದನ್ನು ಬಿಟ್ಟು ಬರಬೇಕಷ್ಟೆ.

"ಏನು ಬಿಡುತ್ತೀರಿ?" ಎಂದರು ಪುರೋಹಿತರು.

"ಹಾಗಲಕಾಯಿ" ಎಂದ ವರ್ತಕ.

"ಒಂದು ದಿನವೂ ಮುಟ್ಟದ್ದನ್ನು ಬಿಡುವುದೇನು ಬಂತು?" ಎಂದಳು ಹೆಂಡತಿ. ಅವನ ಜೇಬಿಗೆ ಕೈಹಾಕಿ ಫೋನು ತೆಗೆದಳು. ಸೆರಗಿನ ತುದಿಯಲ್ಲಿಟ್ಟು ಗಂಟು ಬಿಗಿದಳು. "ಇದನ್ನು ಬಿಟ್ಟರು ಅಂತ ಹೇಳಿಬಿಡಿ, ಸ್ವಾಮೀ."

ಮಾತಾಜಿ ಕತೆ ನಿಲ್ಲಿಸಿದರು. ನಿರ್ವಾಣೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಪಾಪ, ಆ ಹೆಣ್ಣುಮಗಳು! ವಹಿಸಿಕೊಟ್ಟ ಮೇಲೆ ಸುಮ್ಮನಿರಲು ಏನಾಗಿತ್ತಂತೆ ಅವನಿಗೆ? ಅಂಥವನ ಕೈಗೆ ಏನನ್ನೂ ಕೊಡಬಾರದು ತಾಯೀ" ಎಂದ.

ಮಾತಾಜಿ ಮೂರನೆಯ ತಂಬಿಗೆಗೆ ಕೈಚಾಚಿದರು.

"ಆಗಲಪ್ಪ. ಇವತ್ತು ಗೌರವ್ವ ಉಪ್ಪು ಹಾಕಿ ಇಳಿಸಿದ ಸಾರಿಗೆ ಮತ್ತೊಂದು ಸಲ ಉಪ್ಪು ಹಾಕಿದವರು ಯಾರು?"