ಮುಗಿಲು ಬಣ್ಣದ ಹೇಂಟೆ ಕಾವಿಗೆ ಕೂತಾಗ

ಲೋಕದ ಹಸಿ ಆಗಿನ್ನೂ ಆರಿರಲಿಲ್ಲ ಕಣೋ ಮಗ. ಗುಡ್ಡಗಳನ್ನು ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಕೋಳಿಗಳಿಗೆ ಇದ್ದದ್ದು ಎರಡೇ ಬಣ್ಣ, ಒಂದು ಕಪ್ಪು, ಒಂದು ಬಿಳಿ.

ಹೊಳೆ ದಡದಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳು. ಅವಳಿಗೊಂದು ಹುಚ್ಚು. ಮಳೆಗೆ ಮುಂಚೆ ಮುಗಿಲು ಒಂದು ಗಳಿಗೆ ನೀಲಿಬೂದಿ ಆಗುತ್ತಲ್ಲ, ಆ ಬಣ್ಣ ತನ್ನ ಅಂಗಳದಲ್ಲೇ ಓಡಾಡಿಕೊಂಡಿರಬೇಕು ಅಂತ. ಮಳೆ ಬಿದ್ದು ಅದು ಕರಗಿದಾಗಲೆಲ್ಲ ಅವಳಿಗೆ ಅಳುವೇ ಬರುತ್ತಿತ್ತು.

"ಕಪ್ಪು ಹುಂಜಕ್ಕೆ ಬಿಳಿ ಹೇಂಟೆ ಜೊತೆ ಮಾಡಿ ನೋಡೇ," ಅಂದಿತು ಗಾಳಿ.

ಮಾಡಿದಳು. ಮರಿಗಳು ಒಡೆದು ಬಂದವು ನೋಡು, ಅಷ್ಟೂ ಮುಗಿಲು ಬಣ್ಣ! ತಿಪ್ಪಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಇನ್ನು ನನ್ನ ಅಂಗಳದಲ್ಲಿ ಕಪ್ಪೂ ಬೇಡ, ಬಿಳುಪೂ ಬೇಡ," ಅಂದವಳೇ ಆ ಹುಂಜ, ಆ ಹೇಂಟೆ ಎರಡನ್ನೂ ಆಚೆ ದಡದವರಿಗೆ ಕೊಟ್ಟುಬಿಟ್ಟಳು.

"ಮರಿಗಳಿನ್ನೂ ರೆಕ್ಕೆಯಡಿ ಮಲಗೋ ವಯಸ್ಸು ಕಣೇ," ಅಂದಿತು ಹೊಳೆ.

"ನೀನು ನಿನ್ನ ಪಾಡಿಗೆ ಹರಿ," ಅಂದಳು.

ಮರಿಗಳು ಬೆಳೆದವು. ಮುಗಿಲು ಬಣ್ಣದ ಹುಂಜದ ಜೊತೆಗೇ ಓಡಾಡಿಕೊಂಡಿದ್ದ ಒಂದು ಹೇಂಟೆ ಮೊಟ್ಟೆ ಇಟ್ಟಿತು. ತಿಪ್ಪಕ್ಕ ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಇದ್ದಿಲ ಚೂರಿಟ್ಟು ಹೇಂಟೆಯನ್ನು ಕಾವಿಗೆ ಕೂರಿಸಿದಳು. ಇಪ್ಪತ್ತೊಂದನೇ ದಿನ ಎತ್ತಿ ನೋಡಿದರೆ ಮುಗಿಲು ಬಣ್ಣದವು ನಾಲ್ಕು, ಸರಿ. ಆದರೆ ಎರಡು ಕಪ್ಪು! ಎರಡು ಬಿಳಿ!

"ಅಯ್ಯೋ ನಿನ್ನ! ಉಂಡ ಮನೆಗೆ ಎರಡು ಬಗೆಯೋದೇನೇ?"

"ಇಲ್ಲ ತಿಪ್ಪಕ್ಕ," ಅಂದಿತು ಹೇಂಟೆ. "ಅಷ್ಟು ದಿನ ಅಲ್ಲಾಡದೆ ಕೂತಿದ್ದೆ. ಬೇರೇನು ಕೆಲಸ? ಅಪ್ಪನ್ನ ನೆನೆಸಿಕೊಂಡೆ, ಅವ್ವನ್ನ ನೆನೆಸಿಕೊಂಡೆ. ಒಂದು ಸಲ ನೋಡಬೇಕು ಅನ್ನಿಸ್ತು."

ಅವೆರಡನ್ನೂ ವಾಪಸು ತರೋಣ ಅಂತ ಎದ್ದಳು ತಿಪ್ಪಕ್ಕ. ಸೆರಗು ಸಿಕ್ಕಿಸಿಕೊಂಡು ಹೊಳೆ ದಾಟಿ ಓಡಿದಳು. ಆಚೆ ದಡದ ಅಜ್ಜಿ ತಲೆ ಅಲ್ಲಾಡಿಸಿದಳು. "ಕಾಳು ಸರಿಯಾಗಿ ಮುಟ್ಟಲೇ ಇಲ್ಲ ಕಣಮ್ಮ. ನಿಮ್ಮ ದಡದ ಕಡೆ ಮುಖ ಮಾಡಿಕೊಂಡೇ ಎರಡೂ ಪ್ರಾಣ ಬಿಟ್ಟವು."

ಬರಿಗೈಲಿ ಬಂದ ತಿಪ್ಪಕ್ಕ ಕಪ್ಪು ಮರಿಗಳನ್ನೂ ಬಿಳಿ ಮರಿಗಳನ್ನೂ ಒಂದೊಂದಾಗಿ ಎತ್ತಿ ಹೇಂಟೆಯ ರೆಕ್ಕೆಯಡಿ ಬಿಟ್ಟಳು. "ಇವನ್ನ ಎಲ್ಲಿಗೂ ಕಳಿಸಲ್ಲ ಕಣವ್ವ," ಅಂದಳು.

ಅದಕ್ಕೇ ಮಗ, ಇವತ್ತಿಗೂ ಮುಗಿಲು ಬಣ್ಣದ ಹೇಂಟೆಗೆ ಮುಗಿಲು ಬಣ್ಣದ ಹುಂಜವನ್ನೇ ಜೊತೆ ಮಾಡಿದರೂ ಮರಿಗಳಲ್ಲಿ ಕಪ್ಪು, ಬಿಳಿ ಬರುತ್ತಲೇ ಇರುತ್ತವೆ. ನಿಮ್ಮ ಗೂಡಲ್ಲಿ ಬಂದರೆ ಹೇಂಟೆಯನ್ನ ಬಯ್ಯಬೇಡ, ಅದಕ್ಕೆ ತವರು ನೆನಪಾಗಿರುತ್ತೆ.